ಗಾಳಿ ಮೆಟ್ಟಿದ ಜೀಪು

ಮದ್ದೂರು ಬಸ್ ನಿಲ್ದಾಣದಲ್ಲಿ ಪಕ್ಕದ ಬೆಂಚಿನ ಮುದುಕ, ಚೀಲ ಹಿಡಿದು ಕೂತಿದ್ದ ಹೆಂಗಸನ್ನು ಕೇಳಿದ ಮಾತಿಗೆ ಅರ್ಪಿತಳ ಕಿವಿ ನೆಟ್ಟಗಾಯಿತು.

“ಬೀರಕ್ಕ, ನಿನ್ ಸೊಸೆ ತೇಜು ಜೀಪ್ಗೆ ಗಾಳಿ ಮೆಟ್ಕಂಡದಂತೆ, ದಿಟ್ವಾ?”

“ಅಯ್ಯೋ, ಆ ಸುದ್ದಿ ಅಬ್ಸಿದ್ದೇ ನಾನು ಕಣ್ ಮುದ್ದಯ್ಯ! ಬಾನೆಟ್ ಒಳೀಕೆ ಅವ್ಳೇ ಗಾಳಿ ಒಡ್ಯೋ ಮಿಷನ್ ಕೂರ್ಸವ್ಳೆ. ಅದು ಗುರ್ ಅಂದೇಟ್ಗೆ ದೆವ್ವ ಅಂದ್ಕಂಡು ನಿಂಬೆಅಣ್ಣು ನಿವಾಳ್ಸಿ ಚಕ್ರದ ಕೆಳೀಕೆ ಮಡಗ್ಬುಟ್ಟೆ.”

“ಗಾಳಿ ಒಡ್ಯಕೆ ಪಂಚರ್ ಅಂಗ್ಡಿ ಇಲ್ವಾ?”

“ಒಳೆ ಮರಳಲ್ಲಿ ಯಾವ ಅಂಗ್ಡಿ ಅದೆ? ಚಕ್ರದ ಗಾಳಿ ಇಳಿಸುದ್ರೇನೇ ಜೀಪು ಮರಳಲ್ಲಿ ಊತ್ಕಳಲ್ಲ. ದಾಟುದ್ ಮ್ಯಾಕೆ ಟಾರ್ ರೋಡ್ಗೆ ತಿರ್ಗಾ ತುಂಬ್ಬೇಕು.”

“ಅದ್ನೂ ಅವ್ಳೇ ಮಾಡ್ತಾಳಾ?”

“ಮತ್ತೆ? ಮೊನ್ನೆ ಎರಿಗೆ ನೋವು ಬಂದಿದ್ದ ನನ್ ಮಗ್ಳನ್ನ ಅಂಗೇ ದಾಟ್ಸಿದ್ಳು. ನಾನಿನ್ನೂ ದೇವ್ರ ನೆನೀತಾ ಇದ್ದೆ, ಅವ್ಳು ನಾಕೂ ಚಕ್ರ ತುಂಬ್ಸಿ ಆಸ್ಪತ್ರೆ ಮುಟ್ಸಿದ್ಳು. ತಾಯಿ ಮಗು ಚೆಂದಾಗವ್ರೆ.”

“ಭಲೇ ಎಣ್ಣು ಕಣಕ್ಕ! ಅಂಗಾದ್ರೆ ನಿಂಬೆಅಣ್ಣು ಬುಟ್ಬುಟ್ಯಾ?”

ಚಿಕ್ಕರಸಿನಕೆರೆ ಬಸ್ಸು ಬಂತು. ಬೀರಮ್ಮ ಚೀಲ ಎತ್ತಿಕೊಂಡು ಹೊರಟಳು. ಅದು ಅರ್ಪಿತಳ ಬಸ್ಸಲ್ಲ. ಆದರೂ ಉತ್ತರ ಕೇಳಲು ಅವಳೂ ಎದ್ದು ನಿಂತಳು.

“ಯಾಕ್ ಬುಡ್ಲಿ? ದಿನಾ ಮಡಗ್ತೀನಿ. ಆಗ ಗಾಳಿ ಬುಟ್ಟೋಗ್ಲಿ ಅಂತಿದ್ದೆ. ಈಗ ಬುಟ್ಟೋಗ್ದೇ ಇರ್ಲಿ ಅಂತೀನಿ.”