ವಿರುಪಮ್ಮ ತಂದ ಸಾರಿನ ಡಬ್ಬಿ

ವೇದಿಕೆಯ ಮೇಲಿರುವ ಪೌಷ್ಟಿಕ ಆಹಾರ ಸಂಘದ ಅಧ್ಯಕ್ಷರೇ, ಮುಖ್ಯ ಅತಿಥಿಗಳೇ, ಪ್ರಯೋಗಾಲಯದ ನನ್ನ ಗೆಳೆಯರೇ, ಹೊಸಪೇಟೆಯ ಈ ಧಗೆಯಲ್ಲೂ ನನ್ನ ಬೀಳ್ಕೊಡುಗೆಗೆ ಬಂದು ಕುಳಿತಿರುವ ಸಭಿಕರೇ,

ಈಗತಾನೆ ನಿರೂಪಕಿ ನನ್ನನ್ನು ‘ಮೀನು ಗಾದಿಲಿಂಗಪ್ಪನವರು’ ಎಂದು ಕರೆದರು. ನೀವೆಲ್ಲ ನಕ್ಕಿರಿ. ನಗಬೇಕಾದದ್ದೇ. ಮೂವತ್ತೊಂದು ವರ್ಷ ಮೀನಿನ ಕೊಬ್ಬನ್ನು ಅಳೆದ ಈ ಮನುಷ್ಯ ಹೋದ ತಿಂಗಳವರೆಗೆ ಒಂದು ತುಂಡು ಮೀನು ತಿಂದವನಲ್ಲ. ನಮ್ಮದು ಲಿಂಗ ಕಟ್ಟಿಕೊಂಡವರ ಮನೆ. ಕೆಲಸ ಸಿಕ್ಕ ದಿನ ನಮ್ಮವ್ವ ಚೆನ್ನಬಸಮ್ಮ ಹೇಳಿದ್ದು ಇಷ್ಟೇ: “ಹೊರಗ ಏನರ ಮುಟ್ಟಪಾ, ಜಳಕ ಮಾಡಿ ಒಳಗ ಬಾ.” ಕರ್ಚೀಫಿಗೆ ಕರ್ಪೂರ ತಿಕ್ಕಿ, ಮೂಗಿಗೆ ಕಟ್ಟಿಕೊಂಡೇ ಮೀನು ಕೊಯ್ದೆ. ನನಗೆ ಎಲ್ಲ ಮೀನೂ ಒಂದೇ ವಾಸನೆ.

ಈ ಸನ್ಮಾನ ಯಾವುದಕ್ಕೆ? ಬಸುರಿಯರಿಗೆ ವಾರಕ್ಕೊಮ್ಮೆ ಮೀನು ಕೊಡುವ ಸಂಘದ ಯೋಜನೆಗೆ ನಾನು ಬರೆದುಕೊಟ್ಟ ವರದಿಗೆ. ಆ ಮೀನಿನಲ್ಲಿ ಒಮೆಗಾ ತ್ರೀ ಕೊಬ್ಬು ಚೆನ್ನಾಗಿದೆ, ಹೊಟ್ಟೆಯಲ್ಲಿರುವ ಕೂಸಿನ ಮೆದುಳಿಗೆ ಒಳ್ಳೆಯದು ಎಂದು ಬರೆದೆ. ಚಿತ್ತವಾಡ್ಗಿ, ಕಮಲಾಪುರ, ಪಾಪಿನಾಯಕನಹಳ್ಳಿಗಳಲ್ಲಿ ಮೈಕು ಹಿಡಿದು ಅದನ್ನೇ ಹೇಳಿದೆ. ಸುಳ್ಳೇ? ನಾನು ಪರೀಕ್ಷಿಸಿದ ಮೀನಿನ ಮಟ್ಟಿಗೆ ಒಂದಕ್ಷರವೂ ಸುಳ್ಳಲ್ಲ.

ಆದರೆ ಒಳ್ಳೆಯ ಕೊಬ್ಬು ಮೀನಿಗೆ ಎಲ್ಲಿಂದ ಬರುತ್ತದೆ? ನೀರಿನ ಪಾಚಿಯಿಂದ. ಪಾಚಿಯನ್ನು ಹುಳ ತಿನ್ನುತ್ತದೆ, ಹುಳವನ್ನು ಮೀನು ತಿನ್ನುತ್ತದೆ. ಅದೇ ಮೀನನ್ನು ಕೆರೆಗೆ ಬಿಟ್ಟು ಕಂಪ್ಲಿ ಮಿಲ್ಲಿನ ತೌಡು ಹಾಕಿ ಸಾಕಿ ನೋಡಿ. ಮೈ ತುಂಬಿಕೊಳ್ಳುತ್ತದೆ, ಒಳ್ಳೆಯ ಕೊಬ್ಬು ಕಡಿಮೆಯಾಗುತ್ತದೆ. ಆ ನೀರಿಗೆ ಡೀಸೆಲ್ ಬಿದ್ದರೆ ಅದು ಹೋಗಿ ಸೇರುವುದೂ ಕೊಬ್ಬಿಗೇ. ಇದು ನನಗೆ ಗೊತ್ತಿತ್ತು. ಹುಡುಗರಿಗೆ ಪಾಠ ಮಾಡುತ್ತಿದ್ದೆ.

ಪರೀಕ್ಷೆಗೆ ಮೀನು ತಂದುಕೊಟ್ಟವನು, ಯೋಜನೆಗೆ ಮೀನು ಒದಗಿಸುವ ಕೆರೆಯ ಗುತ್ತಿಗೆ ಹಿಡಿದ ಗುಡ್ಡಪ್ಪ. ನಾನೇ ಹೋಗಿ ಬಲೆ ಹಾಕಿಸಬೇಕಿತ್ತು, ನಾತಕ್ಕೆ ಹೇಸಿ ಹೋಗಲಿಲ್ಲ. ಮೊನ್ನೆ ಕೇಳಿದಾಗ ಅವನು ಮುಚ್ಚಿಡದೆ ಹೇಳಿದ: “ಸಾಹೇಬ್ರ ಕೈಗೆ ಕೆರಿ ಮೀನು ಕೊಡಾಕ ಮನಸ್ಸಾಗಲಿಲ್ರಿ. ಡ್ಯಾಮಿಂದ ಛಲೋ ಮೀನು ಆರಿಸಿ ತಂದೆ.” ಪಾಪ, ಅವನು ಕೊಟ್ಟದ್ದು ಮರ್ಯಾದೆ. ಬಸುರಿಯರಿಗೆ ಹೋದದ್ದು ಕೆರೆಯ ಮೀನು. ಆ ಕೆರೆಯ ದಂಡೆಯಲ್ಲಿ ಸಂಡೂರಿನಿಂದ ಬರುವ ಅದಿರು ಲಾರಿಗಳನ್ನು ತೊಳೆಯುತ್ತಾರೆ.

ಇದನ್ನು ಹೇಳುವುದೋ ಬಿಡುವುದೋ ಎಂದುಕೊಂಡೇ ಬಂದೆ. ಹೇಳಿಬಿಡುತ್ತೇನೆ. ಪಾಪಿನಾಯಕನಹಳ್ಳಿಯ ವಿರುಪಮ್ಮ, ಆರು ತಿಂಗಳ ಬಸುರಿ, ಬಸ್ಸು ಹತ್ತಿ ಪ್ರಯೋಗಾಲಯಕ್ಕೆ ಬಂದಿದ್ದಳು. ಕೈಯಲ್ಲಿ ಸ್ಟೀಲಿನ ಡಬ್ಬಿ. “ಸರ, ಈ ಮೀನು ಡೀಸೆಲ್ ನಾರತೈತ್ರಿ. ಸಾಹೇಬ್ರು ಹೇಳ್ಯಾರ, ತಿನ್ನು ಅಂತಾಳ ನಮ್ಮತ್ತಿ. ನೀವ ಒಂದ್ ತುತ್ತು ತಿಂದು ನೋಡ್ರಿ.” ನಾನು ಹಿಂದೆ ಸರಿದೆ. “ನಾವು ತಿನ್ನೋರಲ್ಲಮ್ಮ. ಬಸುರಿ ಬಾಯಿಗೆ ಎಲ್ಲಾ ನಾತಾನ. ಕಣ್ಣು ಮುಚ್ಚಿ ತಿನ್ನು.” ಡಬ್ಬಿಯ ಮುಚ್ಚಳ ಹಾಕಿಕೊಂಡು ಹೋದಳು. ಹೇಳಿದ ಹಾಗೆಯೇ ತಿಂದಳು. ಎಂಟನೆಯ ತಿಂಗಳಲ್ಲಿ ಕೂಸು ಹೊಟ್ಟೆಯಲ್ಲೇ ಹೋಯಿತು.

ಮೀನಿನಿಂದಲೇ ಎಂದು ಯಾವ ವೈದ್ಯರೂ ಹೇಳಿಲ್ಲ. ಅಲ್ಲವೆಂದು ಹೇಳುವ ಧೈರ್ಯ ನನಗಿಲ್ಲ. ಈ ಸಂಕಟ ನನ್ನನ್ನು ತಿನ್ನುತ್ತಿದೆ.

ಹೋದ ತಿಂಗಳು ಅವಳ ಮನೆಗೆ ಹೋದೆ. ಈಗ ಅವಳ ನಾದಿನಿ ಪಂಪಮ್ಮ ಬಸುರಿ, ಅವಳ ಪಾಲಿನ ಮೀನು ಒಲೆಯ ಮೇಲಿತ್ತು. ವಿರುಪಮ್ಮ ಬೈಯಲಿಲ್ಲ. “ಕುಂದ್ರಿ ಸರ” ಎಂದು ತಾಟಿನಲ್ಲಿ ಬಡಿಸಿದಳು. ಅರವತ್ತನೆಯ ವಯಸ್ಸಿನಲ್ಲಿ ಮೊದಲ ಸಲ ಮೀನು ತಿಂದೆ. ಬರೀ ಡೀಸೆಲ್. ಯಾವ ಯಂತ್ರವೂ ಬೇಕಿರಲಿಲ್ಲ, ಅಂದು ಒಂದು ತುತ್ತು ಸಾಕಿತ್ತು.

ಅಧ್ಯಕ್ಷರೇ, ವರದಿಯನ್ನು ಹಿಂದಕ್ಕೆ ಪಡೆಯುತ್ತೇನೆಂದು ಮೂರು ವಾರದ ಹಿಂದೆ ತಮಗೆ ಪತ್ರ ಬರೆದೆ. ಉತ್ತರವಾಗಿ ಈ ಸನ್ಮಾನದ ಆಮಂತ್ರಣ ಬಂತು. ನಾಳೆ ಬುಧವಾರ. ನನ್ನ ಸಹಿಯ ಮೇಲೆ ಮೀನಿನ ಗಾಡಿ ಮತ್ತೆ ಹೊರಡುತ್ತದೆ. ಇಷ್ಟು ಜನರೆದುರು ಆ ಸಹಿಯನ್ನು ವಾಪಸು ತೆಗೆದುಕೊಳ್ಳುತ್ತಿದ್ದೇನೆ. ತಾವು ಹೊದಿಸಿದ ಶಾಲನ್ನು ಕುರ್ಚಿಯ ಮೇಲಿಟ್ಟಿದ್ದೇನೆ.

ತಮ್ಮ ಮುಂದಿನ ಮೇಜಿನ ಮೇಲೆ, ಹೂಗುಚ್ಛದ ಪಕ್ಕದಲ್ಲಿ ಇರುವುದು ವಿರುಪಮ್ಮನ ಡಬ್ಬಿ. ಅದೇ ಕೆರೆಯ ಮೀನಿನ ಸಾರು ಇಂದು ಬೆಳಿಗ್ಗೆ ಮಾಡಿ ಕೊಟ್ಟು ಕಳಿಸಿದ್ದಾಳೆ. ನಾಳೆ ಗಾಡಿ ಬಿಡುವ ಮುನ್ನ ತಾವು ಒಂದು ತುತ್ತು ತಿಂದು ನೋಡಬೇಕು.

ಇಷ್ಟು ಹೊತ್ತು ಕೇಳಿದ ನಿಮ್ಮೆಲ್ಲರಿಗೂ ನಾನು ಋಣಿ. ನಮಸ್ಕಾರ.