ಅರ್ಧ ಬೆಲೆಯ ಸಾರಿ

ಏಷ್ಯಾದ ಅರ್ಧ ದೇಶಗಳನ್ನು ಒಂದೇ ಮೆನುವಿಗೆ ತುರುಕಿದ್ದ ರೆಸ್ಟೋರೆಂಟು. ಸಂಜೆ ಏಳರವರೆಗೆ ಹ್ಯಾಪಿ ಅವರ್, ಎಲ್ಲವೂ ಅರ್ಧ ಬೆಲೆಗೆ. ನನ್ನ ಪಕ್ಕದ ಮೇಜಿಗೆ ಗಂಡ ಮೊದಲು ಬಂದ, ಹೆಂಡತಿ ಆಮೇಲೆ ಬಂದಳು.

“ನೀನು ತವರಿಗೆ ಹೋಗಿ ಎಷ್ಟು ದಿನ ಆಯ್ತು! ಮೊದಲು ಮೋಮೊ ತಗೋ.”

“ಮಾತಾಡ್ಬೇಕು ಅಂದ್ರಿ. ಹ್ಯಾಪಿ ಅವರ್ ನೋಡ್ಕೊಂಡೇ ಕರೆದ್ರಾ?”

“ಛೆ, ಈ ಹೊತ್ತಲ್ಲಿ ಜನ ಕಮ್ಮಿ ಅಂತ.”

“ಹೌದೌದು. ಬಾಗಿಲಾಚೆವರೆಗೂ ಕ್ಯೂ ನಿಂತಿದೆ.”

“ಅವತ್ತು ನೆಂಟರ ಮುಂದೆ ತಮಾಷೆಗೆ ಅಂದಿದ್ದು ಕಣೇ.”

“ಏನಂದಿದ್ರಿ? ಇನ್ನೊಂದ್ಸಲ ಹೇಳಿ, ನಗ್ತೀನಿ.”

“ನಿನ್ನ ಅಡುಗೆ... ನಾಯಿನೂ ಮೂಸಲ್ಲ ಅಂತ.”

“ಎರಡೆರಡು ಸಲ ಬಡಿಸ್ಕೊಂಡು ತಿಂದು, ಕೈ ತೊಳೆಯೋಕೆ ಮುಂಚೆನೇ ಅಂದ್ರಿ.”

ಅವನು ಕಡ್ಡಿಗಳಲ್ಲಿ ನೂಡಲ್ಸ್ ಎತ್ತಿದ. ಅದು ಜಾರಿ ಅಂಗಿಯ ಮೇಲೆ ಬಿತ್ತು.

“ಚಮಚ ಕೇಳಿ. ಮರ್ಯಾದೆ ಹೋಗಲ್ಲ. ಹೋಗೋಕೆ ಇದ್ರೆ ತಾನೇ?”

“ಸಾರಿ ಕಣೇ. ತಪ್ಪಾಯ್ತು.”

ಅವಳು ಗೋಡೆ ಗಡಿಯಾರ ನೋಡಿದಳು.

“ಇನ್ನೂ ಏಳಾಗಿಲ್ಲ. ಇದು ಅರ್ಧ ಬೆಲೆಯ ಸಾರಿ.”

ಸ್ವಲ್ಪ ಹೊತ್ತಿಗೆ ವೇಟರ್ ಬಂದು ಮೇಜಿನ ಮೇಲಿದ್ದ ಹ್ಯಾಪಿ ಅವರ್ ಫಲಕವನ್ನು ಎತ್ತಿಕೊಂಡು ಹೋದ.

“ಈಗ ಹೇಳ್ಲಾ?”

“ನನ್ನೊಬ್ಬಳಿಗಲ್ಲ. ಅವತ್ತು ನಕ್ಕ ನೆಂಟರನ್ನೆಲ್ಲ ಊಟಕ್ಕೆ ಕರೀರಿ, ಅವರ ಮುಂದೆ ಹೇಳಿ. ಅಡುಗೆ ನಿಮ್ದೇ.”

“ನನಗೆ ನೀರು ಕಾಯಿಸೋಕೂ ಬರಲ್ವಲ್ಲೇ!”

ಅವಳು ಬ್ಯಾಗು ಹೆಗಲಿಗೇರಿಸಿ ಎದ್ದಳು. ಅವನು ಅಂಗಿಯ ಮೇಲಿನ ನೂಡಲ್ಸ್ ಸಮೇತ ಹಿಂದೆಯೇ ಓಡಿದ.

“ಆಯ್ತು, ಮಾಡ್ತೀನಿ. ಯಾರ್ಯಾರನ್ನ ಕರೀಲಿ?”

ಬಾಗಿಲು ಮುಚ್ಚುವ ಮುಂಚೆ ಅವಳ ದನಿ ಕೇಳಿಸಿತು.

“ಎಲ್ಲರನ್ನೂ ಕರೀರಿ. ಪಕ್ಕದ್ಮನೆ ನಾಯಿನೂ ಕರೀರಿ. ಮೂಸುತ್ತೋ ಇಲ್ವೋ ನೋಡೇಬಿಡೋಣ.”