ಪಂಪಕ್ಕನ ಅಮಾಸಿ ವಿಡಿಯೋ

ಕೊಪ್ಪಳ ಬಸ್ ಸ್ಟ್ಯಾಂಡಿನಲ್ಲಿ ಕುಷ್ಟಗಿ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಇಬ್ಬರು ಹೆಂಗಸರು ಕುಳಿತಿದ್ದರು. ಹಿರಿಯಾಕೆಯ ಮೊಬೈಲಿನಲ್ಲಿ ಕಿರಿಯಾಕೆ ಏನೋ ನೋಡುತ್ತಿದ್ದಳು.

“ಪಂಪಕ್ಕಾ, ಅಮಾಸಿಗೆ ಹಾಕಿದ ಈ ದೆವ್ವದ ವಿಡಿಯೋ ನೀನ ಮಾಡೀಯೇನು?”

“ಹೂಂ ನಾಹೀದಾ. ಮೊಬೈಲ್ ಹಿಟ್ಟಿನ ಡಬ್ಬಿಗೆ ಆನಿಸಿ ಇಟ್ಟಿದ್ದೆ.”

“ಮಂಚದ ಮ್ಯಾಲ ಕುಂತಾಕಿ ನೀನು. ಹಿಂದ ಬಿಳಿ ಚಾದರ ಹೊತ್ತು ನಿಂತಾಕಿ ಯಾರು?”

“ಅದೂ ನಾನ. ಎರಡು ಸಲ ತಗದು ಒಂದರಾಗ ಕೂಡ್ಸೀನಿ.”

“ಯವ್ವಾ! ನಂಗ ಖರೇನ ಅಂಜಿಕಿ ಬಂತು.”

“ನಂಗ ಬರಲಿಲ್ಲ. ನೋಡಿದ್ದ ನೋಡಕೋತ ಕುಂತೆ. ನಮ್ಮ ಮನಿಯವ್ರು ತೀರಿ ವರ್ಷಾತು. ಅವತ್ತ ಮೊದಲನೇ ಸಲ, ಮನ್ಯಾಗ ಇಬ್ಬರು ಅದೀವಿ ಅನ್ನಿಸ್ತು.”

ಕಿರಿಯಾಕೆ ಮೊಬೈಲನ್ನು ಮೆಲ್ಲಗೆ ಆಕೆಯ ಕೈಗಿಟ್ಟಳು.

“ಒಂದ ಓಣ್ಯಾಗ ಅದೀವಿ, ಒಂದಿನಾನೂ ನಿಮ್ಮ ಮನಿಗೆ ಬರಲಿಲ್ಲ ನೋಡು.”

“ನಿನಗೂ ಹೊಲಿಗಿ ಕೆಲಸ ಭಾಳ ಇರ್ತದ, ಬಿಡು.”

“ಇವತ್ತ ಸಂಜಿಕ ಬರ್ತೀನಿ. ಈ ಸಲ ದೆವ್ವ ನಾ ಆಗ್ತೀನಿ.”

“ನೀ ನಗತೀಯವ್ವ. ದೆವ್ವ ಆಗಾಕ ಬರಂಗಿಲ್ಲ ನಿನಗ.”

“ನಕ್ಕರ ನಗತೀನಿ. ನೀನೂ ನಗುವಂತಿ.”

ಇರಕಲ್ಲಗಡದ ಬಸ್ಸು ಬಂತು. ಹಿರಿಯಾಕೆ ಸೆರಗಿನಿಂದ ಕಣ್ಣೊರೆಸಿಕೊಂಡು, ಕಿರಿಯಾಕೆಯ ಹೆಗಲು ಹಿಡಿದು ಬಸ್ಸು ಹತ್ತಿದಳು.